ಸ್ವಿಚ್ 2 ಹೊಸ ತಲೆಮಾರೇ? ಮುಂಬಯಿಯಲ್ಲಿ ಕೊಳ್ಳುವವರಿಗೆ ಒಂದು ವಿಮರ್ಶೆ

ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ತಿರುಗಿದರೆ, ಕೈಯಲ್ಲೂ ಟೀವಿಯಲ್ಲೂ ಆಡಬಹುದಾದ ಗೇಮ್ ಯಂತ್ರ ನಿಂಟೆಂಡೊ ಸ್ವಿಚ್ 2 ಇಟ್ಟಿರುವ ಅಂಗಡಿಯವರ ಬಾಯಲ್ಲಿ ಮೊದಲು ಬರುವ ಮಾತು 'ನೆಕ್ಸ್ಟ್ ಜೆನ್', ಅಂದರೆ ಮುಂದಿನ ತಲೆಮಾರು. ಸೋನಿಯ ಪ್ಲೇಸ್ಟೇಶನ್ 5 (ಪಿಎಸ್5) ಬಲ್ಲ ಗಿರಾಕಿಗಳು ಇದನ್ನು ಒಪ್ಪುವುದಿಲ್ಲ. ಪಿಎಸ್5 ಬಂದದ್ದು 2020ರ ನವೆಂಬರಿನಲ್ಲಿ, ಸ್ವಿಚ್ 2 ಬಂದದ್ದು 2025ರ ಜೂನ್ 5ರಂದು. ಐದು ವರ್ಷ ತಡವಾಗಿ ಬಂದ ಯಂತ್ರಕ್ಕೆ ಅದರ ಮೂರನೇ ಒಂದು ಪಾಲು ಶಕ್ತಿಯೂ ಇಲ್ಲವೆಂದ ಮೇಲೆ ಯಾವ ಸೀಮೆಯ ಮುಂದಿನ ತಲೆಮಾರು ಇದು ಎಂದು ಅವರು ಕೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ತೂಗುವ ತಕ್ಕಡಿ ಬೇರೆ ಅಷ್ಟೆ. ಮನೆಯಲ್ಲಿ ಹಳೆಯ ಸ್ವಿಚ್ ಇಟ್ಟುಕೊಂಡು ಬದಲಿಸಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಡೊಂಬಿವಲಿ, ಮೀರಾ ರೋಡಿನ ಮನೆಗಳಿಗೆ, ದುಬೈಯಿಂದ ಬರುವ ಮಾವನಿಗೆ 'ಬರುವಾಗ ಇದೊಂದು ತನ್ನಿ' ಎನ್ನಲು ಕಾದಿರುವವರಿಗೆ ಈ ವಾದ ಬರೀ ಹರಟೆಯಲ್ಲ. ಹಣ ಹಾಕುವ ಮೊದಲು ಉತ್ತರ ಬೇಕಾದ ಪ್ರಶ್ನೆ ಇದು.

ನನ್ನ ಅಳತೆಗೋಲು ಒಂದೇ. ಹಳೆಯ ಯಂತ್ರ 'ಇದು ನನ್ನಿಂದಾಗದು' ಎಂದು ಕೈಚೆಲ್ಲುವ ಆಟವನ್ನು ಹೊಸದು ಓಡಿಸಿದರೆ ತಲೆಮಾರು ಬದಲಾಯಿತು ಎಂದರ್ಥ. ಅದೇ ಆಟವನ್ನು ಇನ್ನಷ್ಟು ಚೊಕ್ಕಟವಾಗಿ ತೋರಿಸಿದರೆ ಅದು ಒಳ್ಳೆಯ ಯಂತ್ರ, ಅಲ್ಲಿಗೆ ಮುಗಿಯಿತು.

ಈ ಅಳತೆಗೋಲು ಕೆಲಸ ಮಾಡುತ್ತದೆಯೇ ಎಂದು ನೋಡಲು ಪಿಎಸ್5 ಪ್ರೊ ಮೇಲೆ ಇಟ್ಟು ನೋಡಬೇಕು. 2024ರ ನವೆಂಬರಿನಲ್ಲಿ 699.99 ಡಾಲರಿಗೆ ಬಂದ ಯಂತ್ರ ಅದು. ಪಿಎಸ್5ರ 10.28 ಟೆರಾಫ್ಲಾಪ್ಸ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಳತೆ) ಇದ್ದಲ್ಲಿ 16.7, ಜೊತೆಗೆ 2 ಟಿಬಿ ಎಸ್‌ಎಸ್‌ಡಿ. ಕಾಗದದ ಮೇಲೆ ಸ್ವಿಚ್ 2ರ ಐದು ಪಟ್ಟು ಬಲ. ಆದರೂ ಅದನ್ನು ಯಾರೂ ಹೊಸ ತಲೆಮಾರು ಎನ್ನಲಿಲ್ಲ, ಸೋನಿಯೂ ಹೇಳಿಕೊಳ್ಳಲಿಲ್ಲ. ಪ್ರೊನಲ್ಲಿ ಓಡುವ ಆಟವೆಲ್ಲ ಮಾಮೂಲಿ ಪಿಎಸ್5ನಲ್ಲೂ ಓಡುತ್ತದೆ. ಆಟ ತಯಾರಿಸುವವನು ಲೆಕ್ಕ ಹಾಕುವುದು ಕೆಳಗಿನ ಮೆಟ್ಟಿಲಿನಿಂದ, ಮೇಲಿನದರಿಂದಲ್ಲ. ಆ ಕೆಳಗಿನ ಮೆಟ್ಟಿಲು ಸರಿದಾಗ ಮಾತ್ರ ಆಟದ ಒಳಗಿನ ಲೋಕ ಬದಲಾಗುತ್ತದೆ.

ತಲೆಮಾರಿನ ಜಗಳ ಇಂದಿನದೂ ಅಲ್ಲ. ಒಂದು ಕಾಲಕ್ಕೆ ಬಿಟ್ ಎಣಿಸುತ್ತಿದ್ದರು, ಅಂದರೆ ಚಿಪ್ ಒಂದೇ ಸಲಕ್ಕೆ ಎಷ್ಟು ಉದ್ದದ ಅಂಕಿ ಹಿಡಿಯಬಲ್ಲದು ಎಂಬುದನ್ನು. 1987ರಲ್ಲಿ ಜಪಾನಿನಲ್ಲಿ ಬಂದ ಪಿಸಿ ಎಂಜಿನ್ ಎಂಬ ಆಟದ ಯಂತ್ರ ಅಮೆರಿಕಕ್ಕೆ ಹೋದಾಗ ಹೆಸರಿಗೇ 16 ಅಂಟಿಸಿಕೊಂಡಿತು. ಒಳಗಿದ್ದ ಸಿಪಿಯು (ಮುಖ್ಯ ಲೆಕ್ಕದ ಚಿಪ್) 8 ಬಿಟ್‌ನದು, ಚಿತ್ರ ಬಿಡಿಸುವ ಚಿಪ್ ಮಾತ್ರ 16 ಬಿಟ್. 1993ರ ಅಟಾರಿ ಜಾಗ್ವಾರ್ 64 ಬಿಟ್ ಎಂದು ಸಾರಿಕೊಂಡು ಬಂತು, ಆ ಲೆಕ್ಕ ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಬಿಟ್‌ಗಳ ಭರಾಟೆ ಇಳಿದ ಮೇಲೆ ಟೆರಾಫ್ಲಾಪ್ಸ್ ಬಂತು. ನಡುವೆ 2006ರಲ್ಲಿ ನಿಂಟೆಂಡೊ ವೀ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಿತು: ಹಳೆಯ ಗೇಮ್‌ಕ್ಯೂಬ್‌ನ ವಂಶದ ಚಿಪ್, ಪಿಎಸ್3 ಎಚ್‌ಡಿ ತೋರಿಸುವಾಗ ಬರೀ 480 ಗೆರೆಯ ಚಿತ್ರ, ಆದರೂ ಮಾರಾಟ 10 ಕೋಟಿ ದಾಟಿತು. ಅದರ ಮುಂದಿನ ವೀ ಯು 2012ರ ನವೆಂಬರಿನಲ್ಲಿ ಬಂದಾಗ ಈಗಿನ ಪ್ರಶ್ನೆಯನ್ನೇ ಅಕ್ಷರಶಃ ಕೇಳಿದ್ದರು. 2 ಜಿಬಿ ಮೆಮೊರಿ, ಅದರಲ್ಲಿ ಆಟಕ್ಕೆ 1 ಜಿಬಿ. ಎಕ್ಸ್‌ಬಾಕ್ಸ್ 360ರ 512 ಎಂಬಿಗಿಂತ ಹೆಚ್ಚು, ಸರಿ. ಆದರೆ ಒಂದೇ ವರ್ಷದಲ್ಲಿ ಪಿಎಸ್4 8 ಜಿಬಿ ಹಿಡಿದು ಬಂತು. ಹೊರಗಿನ ಕಂಪನಿಗಳ ಹೊಸ ಆಟಗಳು ವೀ ಯುಗೆ ಬರುವುದು ನಿಂತಿತು. ಒಟ್ಟು ಮಾರಾಟ 1.35 ಕೋಟಿ. ಕ್ಯಾಲೆಂಡರಿನ ಪ್ರಕಾರ ವೀ ಯು ಹೊಸ ತಲೆಮಾರು, ನನ್ನ ಅಳತೆಗೋಲಿನ ಪ್ರಕಾರ ಹಿಂದಿನದರ ಕೊನೆಯ ಯಂತ್ರ.

ಈಗ ಸ್ವಿಚ್ 2ರ ಒಳಗೆ ಏನಿದೆ ನೋಡೋಣ. ಎನ್ವಿಡಿಯಾ ಇದಕ್ಕೆಂದೇ ಮಾಡಿಕೊಟ್ಟ ಟಿ239 ಚಿಪ್. ಸಿಪಿಯುನಲ್ಲಿ ಎಂಟು ಆರ್ಮ್ ಎ78ಸಿ ಕೋರ್‌ಗಳು, ಅವುಗಳಲ್ಲಿ ಎರಡು ಸಿಸ್ಟಮ್ಮಿಗೆ ಮೀಸಲು. ಗ್ರಾಫಿಕ್ಸ್‌ಗೆ ಎನ್ವಿಡಿಯಾದ ಆಂಪಿಯರ್ ಮಾದರಿಯ 1536 ಕುಡಾ ಕೋರ್‌ಗಳು, ಅಂದರೆ ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು. ಮೊದಲ ಸ್ವಿಚ್‌ನಲ್ಲಿ ಇದ್ದದ್ದು 256. ಮೆಮೊರಿ 12 ಜಿಬಿ, ಅದರಲ್ಲಿ 3 ಸಿಸ್ಟಮ್ಮಿಗೆ, 9 ಆಟಕ್ಕೆ. ಮೊದಲಿನದರಲ್ಲಿ ಒಟ್ಟೇ 4. ಸಂಗ್ರಹ 32ರಿಂದ 256 ಜಿಬಿಗೆ ಏರಿದೆ. ಡಾಕ್ ಎಂಬ ಪೀಠದಲ್ಲಿಟ್ಟು ಟೀವಿಗೆ ಹಾಕಿದಾಗ 3.07 ಟೆರಾಫ್ಲಾಪ್ಸ್, ಕೈಯಲ್ಲಿ ಹಿಡಿದಾಗ 1.71. ಇಲ್ಲೊಂದು ಎಚ್ಚರಿಕೆ ಬೇಕು. ಪಿಎಸ್4ರದ್ದು 1.84 ಎಂದು ಓದಿ, 'ಕೈಯಲ್ಲಿ ಹಿಡಿದಾಗ ಇದು ಪಿಎಸ್4ಗಿಂತ ಕಡಿಮೆ' ಎಂದು ತೀರ್ಮಾನಿಸಬಾರದು, ಡಾಕ್‌ನಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು ಎಂದೂ ಹಿಗ್ಗಬಾರದು. ಆಂಪಿಯರ್‌ನಲ್ಲಿ ಈ ಎಣಿಕೆ ಮಾಡುವ ಘಟಕಗಳ ಜೋಡಣೆಯೇ ಬೇರೆ. ಕಾಗದದ ಟೆರಾಫ್ಲಾಪ್ಸ್ ಅಷ್ಟೂ ಆಟದಲ್ಲಿ ಕೈಗೆ ಸಿಗುವುದಿಲ್ಲ. ಅತ್ತ ಪಿಎಸ್4ರಲ್ಲಿ ಇಲ್ಲದ ಎರಡು ಸಾಮಾನು ಇದರಲ್ಲಿವೆ: ಬೆಳಕಿನ ಕಿರಣದ ಲೆಕ್ಕ ಹಾಕುವ ರೇ ಟ್ರೇಸಿಂಗ್ ಕೋರ್‌ಗಳು ಮತ್ತು ಡಿಎಲ್‌ಎಸ್‌ಎಸ್ ನಡೆಸುವ ಟೆನ್ಸರ್ ಕೋರ್‌ಗಳು.

ಡಿಎಲ್‌ಎಸ್‌ಎಸ್ ಎಂದರೆ ಇಷ್ಟು. ಆಟವನ್ನು ಒಳಗೆ ಚಿಕ್ಕ ಅಳತೆಯಲ್ಲಿ ಬಿಡಿಸಿ, ಹಿಂದಿನ ಕೆಲವು ಫ್ರೇಮ್‌ಗಳ (ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳ) ಮಾಹಿತಿಯನ್ನೂ ಸೇರಿಸಿಕೊಂಡು, ತರಬೇತಾದ ಲೆಕ್ಕಸೂತ್ರದ ಮೂಲಕ ದೊಡ್ಡ ಚಿತ್ರ ಕಟ್ಟುವುದು. ನಿಂತ ಚಿತ್ರದಲ್ಲಿ ಇದು ಕಣ್ಣಿಗೆ ಮೋಸ ಗೊತ್ತಾಗದಷ್ಟು ಚೆನ್ನಾಗಿರುತ್ತದೆ. ಕೂದಲು, ಎಲೆ, ತಂತಿಬೇಲಿಯಂಥ ಸಣ್ಣ ಎಳೆಗಳು ವೇಗವಾಗಿ ಅಲುಗಿದಾಗ ಅಂಚಿನಲ್ಲಿ ಮಿಣುಕುತ್ತವೆ. ಅಂಗೈ ಮೇಲೆ ಹಿಡಿದು ಆಡುವ 7.9 ಇಂಚಿನ ಪರದೆಯಲ್ಲಿ ಅದು ಯಾರಿಗೂ ಕಾಣದು, 55 ಇಂಚಿನ ಟೀವಿಯಲ್ಲಿ ಹತ್ತಿರ ಕೂತರೆ ಕಾಣುತ್ತದೆ. ಮುಂಬಯಿಯ ಹಾಲ್‌ಗಳಲ್ಲಿ ಹತ್ತಿರ ಕೂರದೆ ಬೇರೆ ದಾರಿಯೂ ಇಲ್ಲವಲ್ಲ.

ಸಾಕ್ಷಿ ಹೇಳಬೇಕಾದದ್ದು ಆಟಗಳು. ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವುದು ಸೈಬರ್‌ಪಂಕ್ 2077. ಇದು 2020ರ ಡಿಸೆಂಬರಿನಲ್ಲಿ ಪಿಎಸ್4ರಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ ಸೋನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದ ತೆಗೆದುಹಾಕಿ 2021ರ ಜೂನ್‌ವರೆಗೆ ವಾಪಸು ಇಡಲಿಲ್ಲ. 2023ರಲ್ಲಿ ಬಂದ ಫ್ಯಾಂಟಮ್ ಲಿಬರ್ಟಿ ಎಂಬ ವಿಸ್ತರಣೆ ಪಿಎಸ್4ಗೆ ಬರಲೇ ಇಲ್ಲ. ಸ್ವಿಚ್ 2ರಲ್ಲಿ ಆ ವಿಸ್ತರಣೆ ಸಮೇತ ಇಡೀ ಆಟ ಮೊದಲ ದಿನವೇ ಬಂತು, 64 ಜಿಬಿಯ ಕಾರ್ಡ್‌ನಲ್ಲಿ. ಡಾಕ್‌ನಲ್ಲಿ ಕ್ವಾಲಿಟಿ ಮೋಡಿನಲ್ಲಿ 1080ಪಿ (1080 ಗೆರೆಯ ಚಿತ್ರ), ಸೆಕೆಂಡಿಗೆ 30 ಫ್ರೇಮ್. ಪರ್ಫಾರ್ಮೆನ್ಸ್ ಮೋಡಿನಲ್ಲಿ 40. ಈ 40 ಎಂಬ ಸಂಖ್ಯೆ ವಿಚಿತ್ರವಾಗಿ ಕಾಣಬಹುದು, ಕಾರಣ ಸರಳ: ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಫ್ರೇಮನ್ನು ಸರಿಯಾಗಿ ಮೂರು ಸಲ ತೋರಿಸಿದರೆ 40 ಆಗುತ್ತದೆ. 60 ಹರ್ಟ್ಸ್ ಟೀವಿಯಲ್ಲಿ 40 ಸಮವಾಗಿ ಹೊಂದುವುದಿಲ್ಲ, ಚಿತ್ರ ತಡವರಿಸುತ್ತದೆ. ಮನೆಯ ಟೀವಿ 60ರದ್ದಾದರೆ ಕ್ವಾಲಿಟಿ ಮೋಡ್ ಇಟ್ಟುಕೊಳ್ಳಿ.

ಎರಡನೆಯ ಸಾಕ್ಷಿ ಸ್ಟಾರ್ ವಾರ್ಸ್ ಔಟ್‌ಲಾಸ್. 2024ರಲ್ಲಿ ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್, ಪಿಸಿಗೆ ಮಾತ್ರ ಬಂದ ಆಟ. ಪಿಎಸ್4ಗೆ ಇಲ್ಲವೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಅದು ಸ್ವಿಚ್ 2ರಲ್ಲಿ 30 ಫ್ರೇಮ್‌ನಲ್ಲಿ ಓಡಿತು, ರೇ ಟ್ರೇಸಿಂಗ್ ಬಿಡದೆ. ಪಿಎಸ್5 ತಲೆಮಾರಿಗೇ ಕಟ್ಟಿದ ಆಟ ಇಲ್ಲಿಗೆ ಇಳಿದು ಬರುತ್ತದೆ ಎಂದ ಮೇಲೆ, ಈ ಯಂತ್ರ ಆ ಮನೆಯ ಹೊಸಿಲೊಳಗೆ ಇದೆ ಎಂದೇ ಅರ್ಥ. ಹಜಾರದಲ್ಲಿ ಕೂತಿಲ್ಲ, ಬಾಗಿಲ ಬಳಿ ನಿಂತಿದೆ.

ಮೂರನೆಯದು ನಿಂಟೆಂಡೊದ್ದೇ ಮಾರಿಯೋ ಕಾರ್ಟ್ ವರ್ಲ್ಡ್. ಇದರ ಕೆಲಸ 2017ರಲ್ಲಿ ಹಳೆಯ ಸ್ವಿಚ್‌ಗೆಂದೇ ಶುರುವಾಗಿ, 2020ರ ಸುಮಾರಿಗೆ ಸ್ವಿಚ್ 2ಕ್ಕೆ ಸ್ಥಳಾಂತರವಾಯಿತೆಂದು ತಯಾರಕರೇ ಹೇಳಿದ್ದಾರೆ. ಮೊದಲು 12 ಜನ ಓಡುತ್ತಿದ್ದ ರೇಸಿನಲ್ಲಿ ಈಗ 24 ಜನ, ಟ್ರ್ಯಾಕ್‌ಗಳ ನಡುವೆ ರಸ್ತೆ ಹಿಡಿದು ಹೋಗಬಹುದಾದ ಒಂದೇ ಅಖಂಡ ಲೋಕ. ಹಳೆಯದರಲ್ಲಿ ಇದನ್ನು ಇದ್ದಂತೆಯೇ ಮಾಡಲು ಆಗಲಿಲ್ಲ ಎಂಬುದೇ ನಾನು ಹುಡುಕುವ 'ಆಗದು'. ಗೆರೆಗಳ ಸಂಖ್ಯೆ ಏರಿದ್ದಕ್ಕಿಂತ ಇದು ದೊಡ್ಡ ಸುದ್ದಿ.

ಎದುರು ಸಾಕ್ಷಿಯನ್ನೂ ಇಡಬೇಕು. ಮೆಟ್ರಾಯ್ಡ್ ಪ್ರೈಮ್ 4, ಪೋಕೆಮಾನ್ ಲೆಜೆಂಡ್ಸ್ ಝಡ್-ಎ ಎರಡೂ 2025ರ ಕೊನೆಗೆ ಹಳೆಯ ಸ್ವಿಚ್‌ಗೂ ಬಂದವು. ಮೆಟ್ರಾಯ್ಡ್ ಸ್ವಿಚ್ 2ರಲ್ಲಿ ಡಾಕ್ ಮಾಡಿದಾಗ 4ಕೆ 60 ಅಥವಾ 1080ಪಿ 120 ಫ್ರೇಮ್ ಕೊಡುತ್ತದೆ, ನೋಡಲು ಕಣ್ಣಿಗೆ ಹಬ್ಬ. ಆದರೆ ಅದರ ಕೋಣೆ, ಬಾಗಿಲು, ಶತ್ರುಗಳ ಎಣಿಕೆ ಎಲ್ಲ ಹಳೆಯ ಯಂತ್ರದ ಅಳತೆಗೆ ಕಟ್ಟಿದ್ದು. ಇದನ್ನು ಹಿಡಿದು 'ಹೊಸ ತಲೆಮಾರಲ್ಲ' ಎನ್ನುವವರು ಎಲ್ಲ ತಲೆಮಾರಿಗೂ ಇಂಥ ಸಂಧಿಕಾಲ ಇದೆ ಎಂಬುದನ್ನು ಮರೆಯುತ್ತಾರೆ. ಪಿಎಸ್5 ಬಂದು ಎರಡು ವರ್ಷವಾದ ಮೇಲೆ, 2022ರ ನವೆಂಬರಿನಲ್ಲಿ, ಗಾಡ್ ಆಫ್ ವಾರ್ ರಾಗ್ನರಾಕ್ ಪಿಎಸ್4ರಲ್ಲೂ ಬಂದಿತ್ತು. ಸ್ವಿಚ್ ಮೊದಲ ದಿನ ಮೆರೆದ ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್ ಅದೇ ದಿನ, 2017ರ ಮಾರ್ಚ್ 3ರಂದು, ವೀ ಯುಗೂ ಬಂದ ಆಟ.

ಹಾಗಾದರೆ ಎಲ್ಲಿ ಕೈಕೊಡುತ್ತದೆ? ಸಿಪಿಯುನಲ್ಲಿ. ಡಾಕ್‌ನಲ್ಲಿ ಕೋರ್‌ಗಳ ವೇಗ 1 ಗಿಗಾಹರ್ಟ್ಸ್‌ನ ಆಸುಪಾಸು, ಕೈಯಲ್ಲಿ ಹಿಡಿದಾಗ 1.1. ಪಿಎಸ್5ರಲ್ಲಿ 3.5 ಗಿಗಾಹರ್ಟ್ಸ್‌ವರೆಗೆ. ಚಿತ್ರ ದೊಡ್ಡದು ಮಾಡಲು ಡಿಎಲ್‌ಎಸ್‌ಎಸ್ ಇದೆ. ನೂರು ಜನರ ಗುಂಪು ಬೀದಿಯಲ್ಲಿ ಯಾವ ಕಡೆ ನಡೆಯಬೇಕು, ಒಡೆದ ಗೋಡೆಯ ಚೂರು ಎಲ್ಲಿ ಬೀಳಬೇಕು ಎಂಬ ಲೆಕ್ಕವನ್ನು ಅದು ಮಾಡಿಕೊಡದು. ಮೆಮೊರಿಯ ಸಾಗಾಟವೂ ಅಷ್ಟೆ: ಡಾಕ್‌ನಲ್ಲಿ ಸೆಕೆಂಡಿಗೆ ಸುಮಾರು 102 ಜಿಬಿ, ಕೈಯಲ್ಲಿ 68, ಪಿಎಸ್5ರಲ್ಲಿ 448. ಪಿಎಸ್5ರಲ್ಲಿ 60 ಫ್ರೇಮ್ ಇರುವ ಆಟ ಇಲ್ಲಿ 30ಕ್ಕೆ ಇಳಿಯುವುದು ಇದರಿಂದ. ಎಲ್ಡನ್ ರಿಂಗ್‌ನ ಸ್ವಿಚ್ 2 ಆವೃತ್ತಿ ಪರ್ಫಾರ್ಮೆನ್ಸ್ ಸರಿಪಡಿಸಲೆಂದು 2025ರಿಂದ 2026ಕ್ಕೆ ಮುಂದೆ ಹೋದದ್ದೂ ನೆನಪಿರಲಿ. ಪಿಎಸ್5 ಮನೆಯಲ್ಲಿದ್ದು, ದೊಡ್ಡ ಟೀವಿಯ ಮುಂದೆ ಮಾತ್ರ ಆಡುವವರು ಹೊರಗಿನ ಕಂಪನಿಗಳ ಆಟಕ್ಕಾಗಿ ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಆದರೆ ವಿದ್ಯುತ್ತಿನ ಲೆಕ್ಕ ಮುಂದಿಟ್ಟರೆ ಮಾತೇ ಬದಲಾಗುತ್ತದೆ. ಬ್ಯಾಟರಿ 5220 ಎಂಎಎಚ್, ಅಂದರೆ ಸುಮಾರು 20 ವ್ಯಾಟ್-ಅವರ್. ಭಾರೀ ಆಟದಲ್ಲಿ ಅದು ಎರಡು ತಾಸಿನಲ್ಲಿ ಮುಗಿಯುತ್ತದೆ ಎಂದರೆ ಇಡೀ ಯಂತ್ರ, ಪರದೆ ಸೇರಿ, ತಿನ್ನುವುದು 10 ವ್ಯಾಟ್. ಪಿಎಸ್5 ಅದೇ ಆಟಕ್ಕೆ 200 ವ್ಯಾಟ್ ಆಸುಪಾಸು ಎಳೆಯುತ್ತದೆ. ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು ಕರೆಂಟಿನಲ್ಲಿ ಔಟ್‌ಲಾಸ್ ಓಡುವುದನ್ನು ನಾನು ಮುಂದಿನ ತಲೆಮಾರು ಎನ್ನಲು ಹಿಂಜರಿಯುವುದಿಲ್ಲ. ಒನ್ ಬಿಎಚ್‌ಕೆಯಲ್ಲಿ ಟೀವಿ ಒಂದೇ, ಸಂಜೆ ಏಳರಿಂದ ಹತ್ತು ಅದು ಅಮ್ಮನ ಧಾರಾವಾಹಿಗೆ ಸೇರಿದ್ದು. ಅಂಥ ಮನೆಯಲ್ಲಿ ಪಿಎಸ್5 ಮೂರು ತಾಸು ಸುಮ್ಮನೆ ಕೂರುತ್ತದೆ, ಇದು ಕೂರುವುದಿಲ್ಲ.

ಲೋಕಲ್ ಟ್ರೇನಿಗೆ ಹೊಂದುತ್ತದೆಯೇ? ಎರಡು ಬದಿಯ ಕಂಟ್ರೋಲರ್‌ಗಳಾದ ಜಾಯ್-ಕಾನ್ ಸೇರಿ ತೂಕ 534 ಗ್ರಾಂ, ಅಗಲ 27 ಸೆಂಟಿಮೀಟರ್. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಬೆಳಗಿನ ಫಾಸ್ಟ್‌ನಲ್ಲಿ ನಿಂತುಕೊಂಡು ಇದನ್ನು ತೆಗೆಯುವ ಯೋಚನೆಯೇ ಬೇಡ. ಕೂತ ಜಾಗ ಸಿಕ್ಕರೂ ಭಾರೀ ಆಟವಾದರೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಖಾಲಿ. ಹಗುರ ಆಟಕ್ಕೆ ಆರೂವರೆ ತಾಸು ಎಂದು ಕಂಪನಿ ಹೇಳುತ್ತದೆ. ಓಎಲ್‌ಇಡಿ ಪರದೆಯ ಹಳೆಯ ಸ್ವಿಚ್‌ಗೆ ಅದೇ ಕಂಪನಿ ಕೊಟ್ಟ ಲೆಕ್ಕ ನಾಲ್ಕೂವರೆಯಿಂದ ಒಂಬತ್ತು. ಈ ವಿಷಯದಲ್ಲಿ ಹೊಸದು ಹಿಂದೆ ಬಿದ್ದಿದೆ. ಪವರ್ ಡೆಲಿವರಿ ಇರುವ ಪವರ್ ಬ್ಯಾಂಕ್ ಒಯ್ಯುವುದಾದರೆ ತಲೆಯ ಮೇಲಿರುವ ಟೈಪ್-ಸಿ ಪೋರ್ಟಿಗೆ ಹಾಕಿ, ವಯರು ಕೈಗೆ ಅಡ್ಡ ಬರುವುದಿಲ್ಲ. ಕೆಳಗಿನದು ಡಾಕ್‌ಗೆ, ಟೀವಿಗೆ ಚಿತ್ರ ಹೋಗುವುದೂ ಅದರಿಂದ ಮಾತ್ರ.

ಪರದೆ ಈ ಯಂತ್ರದ ದೊಡ್ಡ ನಿರಾಸೆ. 1080ಪಿ, 120 ಹರ್ಟ್ಸ್, ಎಚ್‌ಡಿಆರ್ (ಕತ್ತಲೆ-ಬೆಳಕಿನ ಅಂತರ ಹೆಚ್ಚಿಸಿ ತೋರಿಸುವ ಗುಣ) ಎಂದು ಬರೆದಿರುವುದೆಲ್ಲ ನಿಜ, ಆದರೆ ಅದು ಹಿಂದಿನಿಂದ ಬೆಳಕು ಬಿಡುವ ಎಲ್‌ಸಿಡಿ. ಬಣ್ಣ ಬದಲಿಸಲು ಪಿಕ್ಸೆಲ್‌ಗಳಿಗೆ ಹಿಡಿಯುವ ಸಮಯ ಸ್ವತಂತ್ರ ಪರೀಕ್ಷೆಗಳಲ್ಲಿ ಸರಾಸರಿ 33 ಮಿಲಿಸೆಕೆಂಡಿನ ಹತ್ತಿರ ಬಂದಿದೆ. 60 ಫ್ರೇಮ್ ಆಟದಲ್ಲಿ ಒಂದು ಫ್ರೇಮಿನ ಆಯುಷ್ಯ 16.7 ಮಿಲಿಸೆಕೆಂಡು, ಹಳೆಯ ಚಿತ್ರ ಅಳಿಸುವ ಮೊದಲೇ ಎರಡು ಹೊಸವು ಬಂದುಬಿಡುತ್ತವೆ. ಪಕ್ಕಕ್ಕೆ ಓಡುವ ಆಟಗಳಲ್ಲಿ ಅಕ್ಷರ, ಅಂಚು ಎಲ್ಲ ಕಲೆಸಿದಂತೆ ಕಾಣುವುದು ಈ ಕಾರಣಕ್ಕೆ. ಎಚ್‌ಡಿಆರ್ ಹೆಸರಿಗಷ್ಟೆ: ಬೆಳಕನ್ನು ಭಾಗಭಾಗವಾಗಿ ಆರಿಸುವ ವ್ಯವಸ್ಥೆ ಇಲ್ಲದ್ದರಿಂದ ಕಪ್ಪು ಬೂದಿಬಣ್ಣವಾಗುತ್ತದೆ. ಓಎಲ್‌ಇಡಿ ಸ್ವಿಚ್‌ನಿಂದ ಇಲ್ಲಿಗೆ ಬಂದವರಿಗೆ ಮೊದಲ ವಾರ ಕಣ್ಣು ಒಪ್ಪುವುದಿಲ್ಲ. ಅಂದ ಹಾಗೆ ಪರದೆಯ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿದ ಒಂದು ತೆಳು ಫಿಲ್ಮ್ ಇರುತ್ತದೆ. ಅದು ಹೊಸ ಮೊಬೈಲಿನ ಪ್ಲಾಸ್ಟಿಕ್ ಹಾಳೆಯಲ್ಲ, ಗಾಜು ಒಡೆದರೆ ಚೂರು ಸಿಡಿಯದಂತೆ ಹಿಡಿಯುವ ಪದರ. ಅಂಗಡಿಯ ಹುಡುಗ ಟೆಂಪರ್ಡ್ ಗ್ಲಾಸ್ ಹಾಕುವಾಗ ಉಗುರಿನಿಂದ ಅದನ್ನು ಕೀಳಲು ಹೊರಟರೆ ತಡೆಯಿರಿ. ಗ್ಲಾಸನ್ನು ಅದರ ಮೇಲೆಯೇ ಹಾಕಬೇಕು.

ಜಾಯ್-ಕಾನ್ 2 ಈಗ ಅಯಸ್ಕಾಂತದಿಂದ ಅಂಟುತ್ತದೆ. ಹಳಿಯ ಮೇಲೆ ಜಾರಿಸುವ ಹಳೆಯ ವ್ಯವಸ್ಥೆ ಸಡಿಲಗೊಂಡು ಲೊಡಲೊಡ ಅನ್ನುತ್ತಿತ್ತು, ಇದು ಗಟ್ಟಿ. ಮಗ್ಗುಲಿಗೆ ನಿಲ್ಲಿಸಿ ಮೇಜಿನ ಮೇಲೆ ಜರುಗಿಸಿದರೆ ಮೌಸ್ ಆಗುತ್ತದೆ. ಗುರಿಯಿಡುವ ಆಟಗಳಲ್ಲಿ ಇದು ನಿಜಕ್ಕೂ ಉಪಯೋಗ. ಮಂಚದ ಚಾದರದ ಮೇಲೂ ತಕ್ಕಮಟ್ಟಿಗೆ ನಡೆಯುತ್ತದೆ, ನುಣ್ಣನೆಯ ಗಾಜಿನ ಮೇಲೆ ಇಲ್ಲ. ಸ್ಟಿಕ್ ಒಳಗೆ ಮಾತ್ರ ಸವೆತ ತಡೆಯುವ ಹಾಲ್ ಎಫೆಕ್ಟ್ ಅಯಸ್ಕಾಂತ ಸೆನ್ಸರ್ ಹಾಕಿಲ್ಲ. ತಾನಾಗಿಯೇ ಒಂದು ಕಡೆ ಎಳೆಯುವ 'ಡ್ರಿಫ್ಟ್' ಹಳೆಯ ಜಾಯ್-ಕಾನ್‌ಗಳಲ್ಲಿ ಎಷ್ಟು ಗೋಳು ತಂದಿತ್ತೆಂದು ಬಲ್ಲವರು ಇದನ್ನು ಕ್ಷಮಿಸುವುದು ಕಷ್ಟ. ಬ್ಯಾಟರಿಯನ್ನು ಗಟ್ಟಿ ಅಂಟಿನಲ್ಲಿ ಕೂರಿಸಿದ್ದಾರೆ, ಬದಲಿಸುವುದು ರಿಪೇರಿಯವರಿಗೂ ಹಗುರದ ಕೆಲಸವಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಚಾರ್ಜನ್ನು ಶೇ 90ರ ಹತ್ತಿರ ನಿಲ್ಲಿಸುವ ಆಯ್ಕೆಯನ್ನು ಮೊದಲ ದಿನವೇ ಹಾಕಿಬಿಡಿ, ಡಾಕ್‌ನಲ್ಲೇ ಹೆಚ್ಚು ಹೊತ್ತು ಇಡುವವರಂತೂ ಮರೆಯಬೇಡಿ.

ಮುಂಬಯಿಯ ಹವೆ ಈ ಯಂತ್ರಕ್ಕೆ ಅಷ್ಟು ಒಗ್ಗುವುದಿಲ್ಲ. ಕಂಪನಿ ಹೇಳುವ ಮಿತಿ 5ರಿಂದ 35 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 20ರಿಂದ 80. ಮೇ ತಿಂಗಳ ಮಧ್ಯಾಹ್ನ ಮೊದಲ ಮಿತಿ ಮುಟ್ಟುತ್ತದೆ, ಜುಲೈಯ ಮಳೆಯಲ್ಲಿ ಎರಡನೆಯದನ್ನು ದಾಟುವುದು ದಿನನಿತ್ಯದ ಮಾತು. ಡಾಕ್‌ನಲ್ಲಿ ಈ ಸಲ ಫ್ಯಾನ್ ಇದೆ, ಅದಕ್ಕೆ ಉಸಿರಾಡಲು ಜಾಗ ಬೇಕು; ಟೀವಿ ಕಪಾಟಿನ ಮುಚ್ಚಿದ ಖಾನೆಯಲ್ಲಿ ತುರುಕಬೇಡಿ. ಎಸಿ ಕೋಣೆಯಿಂದ ತಟ್ಟನೆ ಬಾಲ್ಕನಿಗೆ ಒಯ್ದರೆ ಒಳಗೆ ಹನಿಗಟ್ಟುತ್ತದೆ. ಹಾಗೆ ತಂದಾಗ ಅರ್ಧ ತಾಸು ಚೀಲದಲ್ಲೇ ಬಿಟ್ಟು ಆಮೇಲೆ ಆನ್ ಮಾಡುವುದು ಕ್ಷೇಮ.

ಹಳೆಯ ಸ್ವಿಚ್‌ನ ಸಾಮಾನು ಏನೆಲ್ಲ ಉಪಯೋಗಕ್ಕೆ ಬರುತ್ತದೆ ಎಂಬುದರಲ್ಲಿ ತುಂಬಾ ಗೊಂದಲವಿದೆ. ಆಟದ ಕಾರ್ಡ್‌ಗಳು ಬಹುತೇಕ ಎಲ್ಲವೂ ಓಡುತ್ತವೆ. ಹಳೆಯ ಚಿಪ್ ಇದರೊಳಗಿಲ್ಲ. ಆಟದ ಆದೇಶಗಳನ್ನು ಹೊಸ ಚಿಪ್ಪಿಗೆ ತಿಳಿಯುವಂತೆ ಆಡುವಾಗಲೇ ಬದಲಿಸುತ್ತಾ ಹೋಗುವ ತಂತ್ರಾಂಶ ಇದೆ. ಪೋಕೆಮಾನ್ ಸ್ಕಾರ್ಲೆಟ್, ವಯಲೆಟ್‌ಗೆ ಬಂದ ಅಪ್‌ಡೇಟ್ ಪುಕ್ಕಟೆ. ತೊದಲುತ್ತಿದ್ದ ಆಟ 60 ಫ್ರೇಮ್‌ಗೆ ಏರಿದೆ. ಜೆಲ್ಡಾದ ಎರಡು ದೊಡ್ಡ ಆಟಗಳಿಗೆ 9.99 ಡಾಲರಿನ ಅಪ್‌ಗ್ರೇಡ್ ಪ್ಯಾಕ್ ಬೇಕು, ಎಕ್ಸ್‌ಪ್ಯಾನ್ಶನ್ ಪ್ಯಾಕ್ ಇರುವ ಆನ್‌ಲೈನ್ ಚಂದಾದಾರರಿಗೆ ಅದು ಸೇರಿಯೇ ಬರುತ್ತದೆ. ಹಳೆಯ ಜಾಯ್-ಕಾನ್ ವಯರ್‌ಲೆಸ್ ಆಗಿ ಕೂಡುತ್ತದೆ, ಮೈಗೆ ಅಂಟುವುದಿಲ್ಲ, ಆದ್ದರಿಂದ ಇದರಿಂದ ಚಾರ್ಜ್ ಆಗುವುದಿಲ್ಲ. ರಿಂಗ್ ಫಿಟ್‌ನಲ್ಲಿ ವ್ಯಾಯಾಮ ಮಾಡುವವರು ಹಳೆಯ ಜಾಯ್-ಕಾನ್ ಮಾರಬೇಡಿ, ಹೊಸದು ಆ ಆಟದ ಜೊತೆ ಬರುವ ವ್ಯಾಯಾಮದ ಬಳೆಯೊಳಗೆ ಕೂರುವುದಿಲ್ಲ.

ಹಳೆಯ ಮೈಕ್ರೊಎಸ್‌ಡಿ ಕಾರ್ಡ್ ಇದರಲ್ಲಿ ಆಟಕ್ಕೆ ಬರದು, ಹಳೆಯ ಫೋಟೊ-ವಿಡಿಯೊ ನೋಡಿಕೊಳ್ಳಲು ಮಾತ್ರ. ಬೇಕಾದದ್ದು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್. ಮಾಮೂಲಿ ಯುಎಚ್‌ಎಸ್-1 ಕಾರ್ಡ್ ಸೆಕೆಂಡಿಗೆ ಹೆಚ್ಚೆಂದರೆ 104 ಎಂಬಿ, ಎಕ್ಸ್‌ಪ್ರೆಸ್ 800ರ ಆಸುಪಾಸು. ಪಿಎಸ್5ರ ಎಸ್‌ಎಸ್‌ಡಿಗೆಂದು ಬರೆದ ಆಟವನ್ನು ಇಲ್ಲಿಗೆ ತರಲು ಆ ವೇಗ ಬೇಕೇ ಬೇಕು. ಅಂಗಡಿಯಲ್ಲಿ ಪೊಟ್ಟಣದ ಮೇಲಿನ ದೊಡ್ಡ ಅಕ್ಷರ ನಂಬದೆ, ಕಾರ್ಡಿನ ಮೈಮೇಲೆ 'ಇಎಕ್ಸ್' ಗುರುತು ಇದೆಯೇ ನೋಡಿ. 'ಸಬ್ ಸೇಮ್ ಹೈ' ಎಂದರೆ ಅದೇ ಎದುರಿಗೆ ಹಾಕಿ ತೋರಿಸಲು ಹೇಳಿ.

ಇದೇ ವೇಗದ ಕಾರಣಕ್ಕೆ ಹುಟ್ಟಿದ ಇನ್ನೊಂದು ಕಿರಿಕಿರಿ ಗೇಮ್-ಕೀ ಕಾರ್ಡ್. ಡಬ್ಬಿಯಲ್ಲಿ ಕಾರ್ಡ್ ಇರುತ್ತದೆ, ಕಾರ್ಡ್‌ನಲ್ಲಿ ಆಟ ಇರುವುದಿಲ್ಲ, ಬೀಗದ ಕೈ ಮಾತ್ರ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. ಔಟ್‌ಲಾಸ್ ಹೀಗೆ ಬಂದದ್ದಕ್ಕೆ ಅದರ ತಯಾರಕರೊಬ್ಬರು ಕೊಟ್ಟ ಕಾರಣ, ಮಾಮೂಲಿ ಗೇಮ್ ಕಾರ್ಡ್‌ನ ಓದುವ ವೇಗ ಸಾಲಲಿಲ್ಲ ಎಂಬುದು. 100 ಎಂಬಿಪಿಎಸ್ ಬ್ರಾಡ್‌ಬ್ಯಾಂಡಿನಲ್ಲಿ 50 ಜಿಬಿ ಇಳಿಯಲು ಒಂದು ತಾಸಿನ ಮೇಲೆ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿದ ಪೇಯಿಂಗ್ ಗೆಸ್ಟ್ ಹುಡುಗರು ಡಬ್ಬಿಯ ಮುಂಭಾಗದ ಕೆಳಗಿರುವ ಬೀಗದ ಕೈ ಚಿತ್ರದ ಪಟ್ಟಿ ನೋಡಿ ಕೊಳ್ಳಲಿ.

ಟೀವಿಗೆ ಜೋಡಿಸುವಾಗ ಆಗುವ ತಪ್ಪುಗಳು ಬಹುತೇಕ ಒಂದೇ ಬಗೆಯವು. ಹಳೆಯ ಸ್ವಿಚ್‌ನ ಎಚ್‌ಡಿಎಂಐ ಕೇಬಲ್ ಗೋಡೆಯ ಹಿಂದೆ ಎಳೆದಿದ್ದಾರೆಂದು ಅದನ್ನೇ ಹಾಕುತ್ತಾರೆ, 4ಕೆ 60 ಎಚ್‌ಡಿಆರ್ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಅಲ್ಟ್ರಾ ಹೈ ಸ್ಪೀಡ್ ಕೇಬಲ್ಲೇ ಬೇಕು. ಡಾಕ್‌ಗೆ ಹಳೆಯ 39 ವ್ಯಾಟ್ ಅಡಾಪ್ಟರ್ ಸಾಲದು. 20 ವೋಲ್ಟ್ 3 ಆಂಪಿಯರ್, ಅಂದರೆ 60 ವ್ಯಾಟ್ ಸಿಗದಿದ್ದರೆ ಟೀವಿಯಲ್ಲಿ ಚಿತ್ರವೇ ಮೂಡದು. ಟೀವಿಯಲ್ಲೂ ಆ ಪೋರ್ಟ್ ತೆರೆಯಬೇಕು: ಸೋನಿಯಲ್ಲಿ 'ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಡೀಪ್ ಕಲರ್'. 4ಕೆ ಬಂದರೆ 60 ಫ್ರೇಮ್‌ವರೆಗೆ. 120 ಬೇಕಾದರೆ 1440ಪಿ ಅಥವಾ 1080ಪಿಗೆ ಇಳಿಯಬೇಕು.

ನಿಂಟೆಂಡೊ ನಮ್ಮಲ್ಲಿ ಸ್ವಿಚ್ ಅನ್ನು ಅಧಿಕೃತವಾಗಿ ಮಾರಿಲ್ಲ, ಸ್ವಿಚ್ 2ರ ಕತೆಯೂ ಅದೇ. ಲ್ಯಾಮಿಂಗ್ಟನ್ ರೋಡ್ ಇರಲಿ, ಪುಣೆಯ ತಪ್ಕೀರ್ ಗಲ್ಲಿ ಇರಲಿ, ಸಿಗುವುದು ಹೊರದೇಶದಿಂದ ಬಂದ ಮಾಲು. ಕಂಪನಿಯ ವಾರಂಟಿ ಇಲ್ಲಿ ನಡೆಯದು, 'ದುಕಾನ್ ವಾರಂಟಿ' ಎಂದರೆ ಬಿಲ್ಲಿನ ಮೇಲೆ ಎಷ್ಟು ದಿನ, ಯಾವ ಭಾಗಕ್ಕೆ ಎಂದು ಬರೆಸಿಕೊಳ್ಳಿ. 2025ರಲ್ಲಿ ಬಂದಾಗ ಅಮೆರಿಕದ ಬೆಲೆ 449.99 ಡಾಲರ್ ಇತ್ತು, ಮಾರಿಯೋ ಕಾರ್ಟ್ ಸೇರಿ 499.99. ಇದಕ್ಕಿಂತ ತೀರಾ ಅಗ್ಗವಾಗಿ ಯಾರಾದರೂ ಕೊಟ್ಟರೆ ಅದು ಜಪಾನಿನ ಮಾಲೋ ಎಂದು ಮೊದಲು ಅನುಮಾನಿಸಬೇಕು. ಜಪಾನಿನಲ್ಲಿ ಎರಡು ಬಗೆ ಮಾರುತ್ತಾರೆ: 2025ರಲ್ಲಿ 49,980 ಯೆನ್‌ಗೆ ಬಂದದ್ದು ಜಪಾನೀ ಭಾಷೆಗೇ ಬೀಗ ಹಾಕಿದ್ದು, 69,980 ಯೆನ್‌ಗೆ ಬಂದದ್ದು ಎಲ್ಲ ಭಾಷೆಗಳದು. ಅಗ್ಗದ್ದರಲ್ಲಿ ಮೆನು ಇಂಗ್ಲಿಷಿಗೆ ತಿರುಗುವುದಿಲ್ಲ, ಜಪಾನ್ ದೇಶದ ಖಾತೆ ಬಿಟ್ಟು ಬೇರೆ ಖಾತೆ ಸೇರುವುದಿಲ್ಲ, ಆ ದೇಶದ ಇ-ಶಾಪ್ (ನಿಂಟೆಂಡೊದ ಆನ್‌ಲೈನ್ ಅಂಗಡಿ) ಹೊರದೇಶದ ಬ್ಯಾಂಕ್ ಕಾರ್ಡ್ ಸ್ವೀಕರಿಸುವುದೂ ಇಲ್ಲ. ಯಾವ ಅಪ್‌ಡೇಟೂ ಇದನ್ನು ಬಿಡಿಸಿಲ್ಲ. ಆದ್ದರಿಂದ ಕೌಂಟರಿನ ಮೇಲೇ ಆನ್ ಮಾಡಿಸಿ, ಮೊದಲ ಪರದೆಯಲ್ಲಿ ಭಾಷೆಯ ಪಟ್ಟಿ ಬರುತ್ತದೆಯೇ ನೋಡಿ.

ಪ್ಲಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಡಾಪ್ಟರ್ 100ರಿಂದ 240 ವೋಲ್ಟ್ ತಡೆಯುತ್ತದೆ. ಅಮೆರಿಕ, ಜಪಾನಿನ ಚಪ್ಪಟೆ ಪಿನ್ನಿಗೋ ಬ್ರಿಟಿಷ್ ಮಾದರಿಯ ಚೌಕ ಪಿನ್ನಿಗೋ ಗಟ್ಟಿ ಕನ್ವರ್ಟರ್ ಸಾಕು. ಸಡಿಲ ಕನ್ವರ್ಟರ್ ಬೇಡ, ಕಿಡಿ ಹಾರಿದರೆ ಡಾಕ್ ಪದೇಪದೇ ಆಫ್ ಆಗುತ್ತದೆ. ಖಾತೆಗೆ ಭಾರತ ಎಂಬ ಇ-ಶಾಪ್ ಇಲ್ಲ. ಅಮೆರಿಕದ್ದು ಮಾಡಿಕೊಂಡವರು ಗಿಫ್ಟ್ ಕಾರ್ಡ್ ಹಾಕಿ ಕೊಳ್ಳುವುದು ವಾಡಿಕೆ, ನಮ್ಮ ಬ್ಯಾಂಕ್ ಕಾರ್ಡ್‌ಗಳು ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗಿಫ್ಟ್ ಕಾರ್ಡಿನ ದೇಶವೂ ಖಾತೆಯ ದೇಶವೂ ಒಂದೇ ಇರಬೇಕು. ಬೇರೆ ಪ್ರದೇಶದ ಆಟದ ಕಾರ್ಡ್ ಓಡುತ್ತದೆ, ಆದರೆ ಅದಕ್ಕೆ ಕೊಳ್ಳುವ ಡಿಎಲ್‌ಸಿ (ಆಟದ ಹೆಚ್ಚುವರಿ ಭಾಗ) ಇನ್ನೊಂದು ಪ್ರದೇಶದ್ದಾದರೆ ಕೂಡದೆ ಹೋಗಬಹುದು.

ಹಳೆಯ ಸ್ವಿಚ್ ಇರುವವರು ಅದನ್ನು ಮಾರುವ ಮೊದಲು ಡೇಟಾ ಸಾಗಿಸಬೇಕು. ಎರಡೂ ಯಂತ್ರ ಅಪ್‌ಡೇಟ್ ಆಗಿರಲಿ, ಎರಡೂ ಚಾರ್ಜರ್‌ಗೆ ಹಾಕಿರಲಿ, ಒಂದೇ ನಿಂಟೆಂಡೊ ಖಾತೆ ಇರಲಿ. ಹೊಸದನ್ನು ಮೊದಲ ಸಲ ಆನ್ ಮಾಡಿದಾಗ ಬರುವ ಸಿಸ್ಟಮ್ ಟ್ರಾನ್ಸ್‌ಫರ್ ಪ್ರಶ್ನೆಗೆ ಅಲ್ಲೇ ಒಪ್ಪಿಕೊಳ್ಳುವುದು ಸುಲಭದ ದಾರಿ. ಪ್ರತಿ ಆಟದ ಸೇವ್ ತೆರೆದು ನೋಡುವವರೆಗೆ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಡಿ.

ಬದಲಿಸಬೇಕೇ ಎಂದರೆ, ಹಳೆಯ ಎಲ್‌ಸಿಡಿ ಸ್ವಿಚ್ ಅಥವಾ ಸ್ವಿಚ್ ಲೈಟ್ ಇರುವವರು ಕಣ್ಣು ಮುಚ್ಚಿ ಬದಲಿಸಬಹುದು. ಓಎಲ್‌ಇಡಿ ಇರುವವರು ಮಾರಿಯೋ ಕಾರ್ಟ್ ವರ್ಲ್ಡ್, ಡಾಂಕಿ ಕಾಂಗ್ ಬನಾನ್ಜಾದಂತೆ ಇಲ್ಲಿ ಮಾತ್ರ ಸಿಗುವ ಆಟಗಳು ಮನಸ್ಸು ಎಳೆದರೆ ಕೊಳ್ಳಲಿ, ಪರದೆಗೋಸ್ಕರ ಬೇಡ. ಸೆಕೆಂಡ್ ಹ್ಯಾಂಡ್ ನೋಡುವವರು ದುಡ್ಡು ಕೊಡುವ ಮೊದಲು ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಇ-ಶಾಪ್ ತೆರೆಯಿರಿ. ಕಳ್ಳ ಕಾರ್ಡ್ ಬಳಸಿದ ಯಂತ್ರಗಳನ್ನು ನಿಂಟೆಂಡೊ ಆನ್‌ಲೈನಿನಿಂದ ಹೊರಹಾಕುತ್ತದೆ, ಆ ನಿಷೇಧ ಯಂತ್ರದ ಮೇಲಿರುವುದರಿಂದ ಖಾತೆ ಬದಲಿಸಿದರೂ ಹೋಗುವುದಿಲ್ಲ. 2124-4508 ಎಂಬ ಸಂಖ್ಯೆ ಪರದೆಯ ಮೇಲೆ ಬಂದರೆ ಯಂತ್ರವನ್ನು ಕೌಂಟರಿನ ಮೇಲೇ ಬಿಟ್ಟು ಬನ್ನಿ.